ನಾಯಿಯ ಸಾರ್ಕೋಮಾ ಗಡ್ಡೆಗೆ ವಿಕಿರಣವೊಂದೇ ಸಾಕೇ, ಜೊತೆಗೆ ಶಾಖವೂ ಬೇಕೇ?

ಮುಂಗಾಲಿನ ಮೇಲೆ ನಿಂಬೆಹಣ್ಣಿನ ಗಾತ್ರದ ಗಟ್ಟಿ ಗಂಟು. ನೋವಿಲ್ಲ, ನಾಯಿ ಎಂದಿನಂತೆ ಉಂಡು ಓಡಾಡಿಕೊಂಡಿದೆ. ಬಯಾಪ್ಸಿ ವರದಿಯಲ್ಲಿ ಮಾತ್ರ ‘ಮೃದು ಅಂಗಾಂಶದ ಸಾರ್ಕೋಮಾ, 2ನೇ ದರ್ಜೆ’ ಎಂದು ಬಂದಿದೆ. ಮೃದು ಅಂಗಾಂಶದಿಂದ ಹುಟ್ಟುವ ಒಂದು ಬಗೆಯ ಕ್ಯಾನ್ಸರ್ ಇದು; ದರ್ಜೆ 1ರಿಂದ 3ಕ್ಕೆ ಏರಿದಷ್ಟೂ ಉಗ್ರ. ಸುತ್ತಲಿನ ಆರೋಗ್ಯವಂತ ಅಂಗಾಂಶದ ಅಂಚನ್ನೂ ಸಾಕಷ್ಟು ಸೇರಿಸಿ ತೆಗೆಯಲು ಅಲ್ಲಿ ಚರ್ಮವೇ ಇಲ್ಲ ಎಂದು ಶಸ್ತ್ರವೈದ್ಯರು ಹೇಳುತ್ತಾರೆ. ಕಾಲನ್ನೇ ತೆಗೆಸಬೇಕೇ, ಆದಷ್ಟು ತೆಗೆಸಿ ವಿಕಿರಣ ಕೊಡಿಸಬೇಕೇ, ಗಡ್ಡೆಯನ್ನು ಹಾಗೇ ಇಟ್ಟುಕೊಂಡು ವಿಕಿರಣಕ್ಕೆ ಶಾಖವನ್ನೂ ಸೇರಿಸಬೇಕೇ? ಈ ಬರಹ ಆ ಆಯ್ಕೆಗಳ ಬಗ್ಗೆ.

ನಮ್ಮ ನಿಲುವನ್ನು ಮೊದಲೇ ಹೇಳಿಬಿಡುತ್ತೇವೆ. ಗಡ್ಡೆಯನ್ನು ಒಳ್ಳೆಯ ಅಂಚಿನೊಂದಿಗೆ ತೆಗೆಯಲು ಸಾಧ್ಯವಿದ್ದರೆ ಶಸ್ತ್ರಚಿಕಿತ್ಸೆಯೇ ಮೊದಲು. ಅದು ಆಗದಿದ್ದಾಗ, ಗಡ್ಡೆ ಕಣ್ಣಿಗೆ ಕಾಣುವಂತೆ ಉಳಿದಿದ್ದಾಗ, ಶಾಖ ಸೇರಿಸಿದ ವಿಕಿರಣಕ್ಕೆ ನಿಜವಾದ ಜಾಗವಿದೆ. ಆದರೆ ಗಡ್ಡೆಯ ಒಳಗೆ ಉಷ್ಣತೆಯನ್ನು ಅಳೆದು, ಪ್ರತಿ ಬಾರಿಯ ಲೆಕ್ಕವನ್ನು ಬರೆದಿಡುವ ಕಡೆ ಮಾತ್ರ. ಅಳತೆಯಿಲ್ಲದೆ ಕೊಡುವ ಶಾಖಕ್ಕಾಗಿ ನಾಯಿಯನ್ನು ಹೆಚ್ಚುವರಿ ಅರಿವಳಿಕೆಗೆ ಒಡ್ಡಬೇಡಿ.

ದರ್ಜೆ ಗೊತ್ತಾಗುವ ಮುನ್ನ ತೀರ್ಮಾನ ಬೇಡ

ಮೃದು ಅಂಗಾಂಶದ ಸಾರ್ಕೋಮಾ ಒಂದೇ ರೋಗವಲ್ಲ. ರಕ್ತನಾಳದ ಗೋಡೆಯಿಂದ ಹುಟ್ಟುವವು, ನರದ ಹೊದಿಕೆಯವು, ಫೈಬ್ರೋಸಾರ್ಕೋಮಾ, ಮಿಕ್ಸೋಸಾರ್ಕೋಮಾ ಎಲ್ಲವೂ ಈ ಗುಂಪಿಗೆ ಸೇರುತ್ತವೆ. ಇವುಗಳ ನಡವಳಿಕೆ ಹೆಚ್ಚುಕಡಿಮೆ ಒಂದೇ ಬಗೆಯದು: ಹುಟ್ಟಿದ ಜಾಗದಲ್ಲಿ ಆಳಕ್ಕೆ ಬೇರು ಬಿಡುತ್ತವೆ, ದೂರಕ್ಕೆ ಹರಡುವುದು ನಿಧಾನ. ಹರಡಿದರೆ ಸಾಮಾನ್ಯವಾಗಿ ರಕ್ತದ ಮೂಲಕ ಶ್ವಾಸಕೋಶಕ್ಕೆ.

ಸೂಜಿ ಚುಚ್ಚಿ ಮಾಡುವ ಎಫ್‌ಎನ್‌ಎಸಿ ಪರೀಕ್ಷೆಯನ್ನು ಮೊದಲು ಮಾಡಿಸಬೇಕು. ಅದು ಕೊಬ್ಬಿನ ಗಂಟನ್ನೂ ಮಾಸ್ಟ್ ಸೆಲ್ ಗಡ್ಡೆಯನ್ನೂ (ಚರ್ಮದ ಇನ್ನೊಂದು ಬಗೆಯ ಕ್ಯಾನ್ಸರ್) ಬೇರ್ಪಡಿಸಿ ತೋರಿಸುತ್ತದೆ. ಆದರೆ ಸಾರ್ಕೋಮಾದ ಕೋಶಗಳು ಸೂಜಿಗೆ ಸುಲಭವಾಗಿ ಬರುವುದಿಲ್ಲ. ‘ಏನೂ ಸಿಗಲಿಲ್ಲ’ ಎಂಬ ವರದಿ ಬಂದರೆ ಕ್ಯಾನ್ಸರ್ ಇಲ್ಲ ಎಂದು ಅರ್ಥವಲ್ಲ. ದರ್ಜೆ ಗೊತ್ತಾಗಲು ತುಂಡು ತೆಗೆಯುವ ಬಯಾಪ್ಸಿ ಬೇಕು. ಕಾಲಿನ ಮೇಲಿನ ಗಡ್ಡೆಗೆ ಬಯಾಪ್ಸಿಯ ಕೊಯ್ತ ಕಾಲಿನ ಉದ್ದಕ್ಕೆ ಇರಬೇಕು, ಅಡ್ಡಕ್ಕಲ್ಲ. ಅಡ್ಡ ಕೊಯ್ದರೆ ಮುಂದೆ ಆ ಗಾಯದ ಗುರುತನ್ನೂ ಸೇರಿಸಿ ತೆಗೆಯಬೇಕಾದಾಗ ಇನ್ನಷ್ಟು ಚರ್ಮ ಹೋಗುತ್ತದೆ, ವಿಕಿರಣದ ಕ್ಷೇತ್ರವೂ ಅಗಲವಾಗುತ್ತದೆ.

ದರ್ಜೆಯನ್ನು ಮೂರು ಅಂಶಗಳಿಂದ ನಿರ್ಧರಿಸುತ್ತಾರೆ: ಕೋಶಗಳು ಮೂಲ ಅಂಗಾಂಶವನ್ನು ಎಷ್ಟು ಹೋಲುತ್ತವೆ, ಸೂಕ್ಷ್ಮದರ್ಶಕದ 10 ನೋಟಗಳಲ್ಲಿ ಒಡೆಯುತ್ತಿರುವ ಕೋಶಗಳು ಎಷ್ಟು (9ರವರೆಗೆ, 10ರಿಂದ 19, 20 ಮತ್ತು ಮೇಲೆ), ಗಡ್ಡೆಯೊಳಗೆ ಸತ್ತ ಭಾಗ ಎಷ್ಟು. ವರದಿಯಲ್ಲಿ ಈ ಮೂರೂ ಬರೆದಿರಬೇಕು. ಬರಿದೇ ‘ಸಾರ್ಕೋಮಾ’ ಎಂದಿದ್ದರೆ ಪ್ರಯೋಗಾಲಯಕ್ಕೆ ಫೋನ್ ಮಾಡಿ ಕೇಳಿಸಿ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ಅಂಚು ಸಾಲದೆ ತೆಗೆದ ಗಡ್ಡೆಗಳ ಬಗ್ಗೆ 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 1ನೇ ದರ್ಜೆಯವು ಸುಮಾರು ಶೇ 7ರಷ್ಟು, 2ನೆಯದು ಶೇ 34ರಷ್ಟು, 3ನೆಯದು ಶೇ 75ರಷ್ಟು ಮರುಕಳಿಸಿದವು. ಹಾಗಾಗಿ 1ನೇ ದರ್ಜೆಯ ಗಡ್ಡೆಯ ಅಂಚಿನಲ್ಲಿ ಒಂದಿಷ್ಟು ಕೋಶ ಉಳಿದಿದೆ ಎಂಬ ಒಂದೇ ಕಾರಣಕ್ಕೆ ವಯಸ್ಸಾದ ನಾಯಿಯನ್ನು ವಾರಗಟ್ಟಲೆ ವಿಕಿರಣಕ್ಕೆ ಕರೆದೊಯ್ಯುವುದು ಬಹಳ ಸಲ ಬೇಕಿಲ್ಲ, ಗಮನವಿಟ್ಟು ಕಾಯಬಹುದು. 3ನೇ ದರ್ಜೆಯಲ್ಲಿ ಕಾಯುವ ಮಾತೇ ಇಲ್ಲ. ಯಾವ ದರ್ಜೆಯೇ ಇರಲಿ, ದೊಡ್ಡ ಚಿಕಿತ್ಸೆಗೆ ಕೈಹಾಕುವ ಮುನ್ನ ಎದೆಯ ಎಕ್ಸ್‌ರೇಯನ್ನು ಮೂರು ಕೋನಗಳಿಂದ, ಅಥವಾ ಸಿಟಿ ಸ್ಕ್ಯಾನ್ ಮಾಡಿಸಿ. ಶ್ವಾಸಕೋಶದಲ್ಲಿ ಈಗಾಗಲೇ ಗಂಟುಗಳಿದ್ದರೆ ಕಾಲಿನ ಗಡ್ಡೆಗೆ ತಿಂಗಳಿಡೀ ಚಿಕಿತ್ಸೆ ಕೊಟ್ಟು ನಾಯಿಗೆ ಸಿಗುವುದು ಅಲ್ಪ.

ಶಸ್ತ್ರಚಿಕಿತ್ಸೆ ಯಾವಾಗ ಸಾಕು

ಗಡ್ಡೆಯ ಸುತ್ತ 2ರಿಂದ 3 ಸೆಂ.ಮೀ. ಚರ್ಮ, ಕೆಳಗೆ ಸ್ನಾಯುವಿನ ಹೊದಿಕೆಯ ಒಂದು ಪೂರ್ಣ ಪದರ: ಇಷ್ಟನ್ನು ಸೇರಿಸಿ ಒಮ್ಮೆಗೇ ತೆಗೆಯಲಾದರೆ ಬೇರೆ ಚಿಕಿತ್ಸೆಯ ಚರ್ಚೆ ಬೇಕಿಲ್ಲ. ಬೆನ್ನು, ಪಕ್ಕೆ, ತೊಡೆಯ ಮೇಲ್ಭಾಗದಲ್ಲಿ ಇದು ಸಾಧ್ಯ. ಮೊಣಕೈ, ಮೊಣಕಾಲಿನ ಕೆಳಗೆ ಕಷ್ಟ.

ಇಲ್ಲಿ ಪದೇ ಪದೇ ಆಗುವ ತಪ್ಪೊಂದಿದೆ. ಸಾರ್ಕೋಮಾದ ಸುತ್ತ ಚೀಲದಂತೆ ಕಾಣುವ ಪೊರೆ ಇರುತ್ತದೆ. ಕೊಯ್ದಾಗ ಗಡ್ಡೆ ಸುಲಿದ ಹಣ್ಣಿನಂತೆ ಈಚೆ ಬರುತ್ತದೆ. ಪೂರ್ತಿ ಬಂತು ಎಂದು ಹೊಲಿದುಬಿಡುತ್ತಾರೆ. ಆ ಪೊರೆ ನಿಜವಾದ ಚೀಲವಲ್ಲ, ಒತ್ತಿಕೊಂಡ ಗಡ್ಡೆಯ ಕೋಶಗಳೇ ಅದು. ಬೇರುಗಳು ಅದರಾಚೆಗೂ ಇರುತ್ತವೆ. ತೆಗೆದ ಗಡ್ಡೆಯನ್ನು ಅಂಚಿಗೆ ಮಸಿ ಹಚ್ಚಿ ಪರೀಕ್ಷೆಗೆ ಕಳಿಸದಿದ್ದರೆ ಉಳಿಕೆ ಗೊತ್ತಾಗುವುದು ಅದು ಮತ್ತೆ ಬೆಳೆದಾಗಲೇ. ಎರಡನೇ ಸಲದ ಶಸ್ತ್ರಚಿಕಿತ್ಸೆ ಮೊದಲನೆಯದಕ್ಕಿಂತ ಯಾವಾಗಲೂ ಕಷ್ಟದ್ದು.

ಕಾಲು ತೆಗೆಸುವುದು ಮನೆಯವರಿಗೆ ಬಹಳ ನೋವಿನ ನಿರ್ಧಾರ. ಆದರೂ ಹೇಳಬೇಕಾದ ಮಾತು: ಉಳಿದ ಮೂರು ಕಾಲುಗಳ ಕೀಲು ಚೆನ್ನಾಗಿರುವ, ಮೈ ತೂಕ ಹಿಡಿತದಲ್ಲಿರುವ ನಾಯಿ ಮೂರು ಕಾಲಿನ ಮೇಲೆ ಚೆನ್ನಾಗಿಯೇ ಬದುಕುತ್ತದೆ. ಒಂದೇ ಅರಿವಳಿಕೆ, ಒಂದೇ ಖರ್ಚು, ಗಡ್ಡೆ ಅಲ್ಲಿಗೆ ಮುಗಿಯಿತು. ಸೊಂಟದ ಕೀಲು ಸವೆದ ದೊಡ್ಡ ಜಾತಿಯ ನಾಯಿ, ಬೆನ್ನುಹುರಿಯ ತೊಂದರೆ ಇರುವ ನಾಯಿ, ವಿಪರೀತ ದಪ್ಪವಿರುವ ನಾಯಿ – ಇವಕ್ಕೆ ಮಾತ್ರ ಅದು ಸರಿಹೋಗದು.

ಮಧ್ಯದ ದಾರಿಯೂ ಒಂದಿದೆ. ಕಾಣುವ ಗಡ್ಡೆಯನ್ನೆಲ್ಲ ತೆಗೆದು, ಗಾಯ ಮಾಗಿದ ಮೇಲೆ ಉಳಿದ ಕೋಶಗಳಿಗೆ ವಿಕಿರಣ. ಗಾಯ ಮಾಗಲು ಎರಡು ಮೂರು ವಾರ ಬಿಟ್ಟು, ದಿನಕ್ಕೆ ಸುಮಾರು 3 ಗ್ರೇಯಂತೆ (ಗ್ರೇ ಎಂದರೆ ವಿಕಿರಣದ ಪ್ರಮಾಣವನ್ನು ಅಳೆಯುವ ಮಾನ) ಸೋಮವಾರದಿಂದ ಶುಕ್ರವಾರದವರೆಗೆ 16ರಿಂದ 21 ಕಂತು, ಒಟ್ಟು 48ರಿಂದ 63 ಗ್ರೇ. ಪ್ರತಿ ಕಂತಿಗೂ ಚಿಕ್ಕ ಅರಿವಳಿಕೆ. ಸೂಕ್ಷ್ಮದರ್ಶಕಕ್ಕಷ್ಟೇ ಕಾಣುವ ಉಳಿಕೆಯ ಮೇಲೆ ಈ ಕ್ರಮ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಹೆಚ್ಚಿನ ನಾಯಿಗಳಲ್ಲಿ ಗಡ್ಡೆ ವರ್ಷಗಟ್ಟಲೆ ಮರಳುವುದಿಲ್ಲ. ಇಲ್ಲಿ ಶಾಖ ಸೇರಿಸುವ ಅಗತ್ಯ ನಮಗೆ ಕಾಣದು. ಬಿಸಿ ಮಾಡಲು ಗಡ್ಡೆಯೇ ಇಲ್ಲದ ಮೇಲೆ ಎಲ್ಲಿ ಅಳೆಯುವುದು?

ಕಷ್ಟವಿರುವುದು ಗಡ್ಡೆ ಇಡಿಯಾಗಿ ಉಳಿದಾಗ. 50 ಗ್ರೇಯಷ್ಟು ವಿಕಿರಣವೊಂದನ್ನೇ ಕೊಟ್ಟರೆ ಒಂದು ವರ್ಷದ ಹೊತ್ತಿಗೆ ಸುಮಾರು ಅರ್ಧದಷ್ಟು ನಾಯಿಗಳಲ್ಲಿ, ಎರಡು ವರ್ಷಕ್ಕೆ ಮೂರರಲ್ಲೊಂದರಲ್ಲಿ ಮಾತ್ರ ಗಡ್ಡೆ ಹಿಡಿತದಲ್ಲಿರುತ್ತದೆ. ಶಾಖದ ಪ್ರಶ್ನೆ ಏಳುವುದು ಇಲ್ಲಿಯೇ.

ಶಾಖ ಗಡ್ಡೆಯೊಳಗೆ ಏನು ಮಾಡುತ್ತದೆ

ವಿಕಿರಣ ಕೋಶದ ಡಿಎನ್‌ಎಯನ್ನು ತುಂಡರಿಸುತ್ತದೆ; ಆ ಹಾನಿ ಗಟ್ಟಿಯಾಗಲು ಆಮ್ಲಜನಕ ಬೇಕು. ದೊಡ್ಡ ಗಡ್ಡೆಯ ನಡುವಿನಲ್ಲಿ ರಕ್ತಸಂಚಾರ ಕಡಿಮೆ, ಆಮ್ಲಜನಕ ಕಡಿಮೆ, ಹುಳಿ ಹೆಚ್ಚು. ವಿಕಿರಣಕ್ಕೆ ಜಗ್ಗದ ಈ ಕೋಶಗಳೇ ಶಾಖಕ್ಕೆ ಬೇಗ ಸಾಯುತ್ತವೆ. ಡಿಎನ್‌ಎಯನ್ನು ನಕಲು ಮಾಡಿಕೊಳ್ಳುತ್ತಿರುವ ಹಂತದ ಕೋಶಗಳೂ ಹಾಗೆಯೇ: ವಿಕಿರಣಕ್ಕೆ ಗಟ್ಟಿ, ಶಾಖಕ್ಕೆ ಮೆತ್ತಗೆ. 41ರಿಂದ 42 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇನ್ನೂ ಎರಡು ಕೆಲಸ ಆಗುತ್ತವೆ. ರಕ್ತನಾಳಗಳು ಹಿಗ್ಗಿ ಆಮ್ಲಜನಕ ಹೆಚ್ಚು ಬರುತ್ತದೆ. ತುಂಡಾದ ಡಿಎನ್‌ಎಯನ್ನು ದುರಸ್ತಿ ಮಾಡುವ ಪ್ರೋಟೀನ್‌ಗಳು ಕೆಲಸ ನಿಲ್ಲಿಸುತ್ತವೆ. ಆದ್ದರಿಂದ ಶಾಖ ಮತ್ತು ವಿಕಿರಣದ ನಡುವಿನ ಅಂತರ ಒಂದು ಗಂಟೆಯ ಆಸುಪಾಸಿನಲ್ಲಿರಬೇಕು. ಬೆಳಗ್ಗೆ ವಿಕಿರಣ, ಸಂಜೆ ಶಾಖ ಎಂದರೆ ದುರಸ್ತಿ ಆಗಲೇ ಮುಗಿದಿರುತ್ತದೆ.

ಒಮ್ಮೆ ಬಿಸಿಯಾದ ಕೋಶ ಮುಂದಿನ ಎರಡು ಮೂರು ದಿನ ಶಾಖವನ್ನು ತಾಳಿಕೊಳ್ಳುವ ಶಕ್ತಿ ಪಡೆಯುತ್ತದೆ. ಹಾಗಾಗಿ ಶಾಖ ದಿನಾ ಕೊಡುವಂಥದ್ದಲ್ಲ. ವಾರಕ್ಕೆ ಒಮ್ಮೆ ಅಥವಾ ಎರಡು ಸಲ, ನಡುವೆ ಕನಿಷ್ಠ 72 ಗಂಟೆ. ‘ಪ್ರತಿದಿನ ಶಾಖ, ಬೇಗ ಗುಣ’ ಎಂದು ಹೇಳುವವರಿಗೆ ವಿಷಯ ಗೊತ್ತಿಲ್ಲ ಎಂದೇ ತಿಳಿಯಿರಿ.

ನಮ್ಮ ಮನೆಗಳಲ್ಲಿ ಊತಕ್ಕೆ ಕಾವು ಕೊಡುವ ರೂಢಿಯಿದೆ. ಬಿಸಿನೀರಿನ ಚೀಲ, ಉಪ್ಪಿನ ಗಂಟು, ಇನ್ಫ್ರಾರೆಡ್ ದೀಪ ಯಾವುದನ್ನೂ ನಾಯಿಯ ಗಡ್ಡೆಗೆ ಇಡಬೇಡಿ. ಚರ್ಮ ಸುಡುವಷ್ಟಾದರೂ ಒಂದೆರಡು ಸೆಂ.ಮೀ. ಒಳಗೆ ಉಷ್ಣತೆ ಅಷ್ಟೇನೂ ಏರುವುದಿಲ್ಲ. ಸುಟ್ಟ ಚರ್ಮದ ಮೇಲೆ ಆಮೇಲೆ ವಿಕಿರಣವನ್ನೂ ಕೊಡಲಾಗದು, ಕತ್ತರಿಯನ್ನೂ ಇಡಲಾಗದು.

ಆಧಾರವೇನು

ಈ ವಿಷಯದಲ್ಲಿ ನಾಯಿಗಳು ಮನುಷ್ಯರಿಗೇ ದಾರಿ ತೋರಿಸಿವೆ. ಸಾಕುನಾಯಿ, ಸಾಕುಬೆಕ್ಕುಗಳಲ್ಲಿ ತಾನಾಗಿ ಹುಟ್ಟಿದ ಗಡ್ಡೆಗಳ ಮೇಲೆ ಮಾರ್ಕ್ ಡ್ಯೂಹರ್ಸ್ಟ್ ಮತ್ತು ಸಂಗಡಿಗರು 1984ರಲ್ಲಿ ಪ್ರಕಟಿಸಿದ ಅಧ್ಯಯನ, ಫಲ ನಿಂತಿರುವುದು ಗಡ್ಡೆಯ ಅತ್ಯಂತ ತಣ್ಣಗಿನ ಜಾಗ ಎಷ್ಟು ಬಿಸಿಯಾಯಿತು ಎಂಬುದರ ಮೇಲೆ ಎಂದು ತೋರಿಸಿತು. ಸರಾಸರಿ ಉಷ್ಣತೆ ಚೆನ್ನಾಗಿದ್ದು ಒಂದು ಮೂಲೆ ತಣ್ಣಗೆ ಉಳಿದರೆ ಗಡ್ಡೆ ಅಲ್ಲಿಂದಲೇ ಮರಳಿ ಬೆಳೆಯುತ್ತದೆ.

ಅಮೆರಿಕದ ನಾರ್ತ್ ಕೆರೊಲೈನಾದಲ್ಲಿ ಡೊನಾಲ್ಡ್ ಥ್ರಾಲ್ ಅವರ ತಂಡ 2005ರಲ್ಲಿ ಪ್ರಕಟಿಸಿದ ಪ್ರಯೋಗ ಈ ಕ್ಷೇತ್ರದ ಗಟ್ಟಿ ಆಧಾರ. ಬಿಸಿ ಮಾಡಲು ಸಾಧ್ಯವಿರುವ ಮೃದು ಅಂಗಾಂಶದ ಸಾರ್ಕೋಮಾ ಇದ್ದ 122 ನಾಯಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಎಲ್ಲಕ್ಕೂ ವಿಕಿರಣ. ಒಂದು ಗುಂಪಿಗೆ ಕಡಿಮೆ ಶಾಖ, ಇನ್ನೊಂದಕ್ಕೆ ಹೆಚ್ಚು. ಹೆಚ್ಚು ಶಾಖ ಸಿಕ್ಕ ಗುಂಪಿನಲ್ಲಿ ಗಡ್ಡೆ ಹೆಚ್ಚು ಕಾಲ ಹಿಡಿತದಲ್ಲಿತ್ತು. ಅದೇ ವರ್ಷ ಡ್ಯೂಕ್ ವಿಶ್ವವಿದ್ಯಾಲಯದವರು ಚರ್ಮಕ್ಕೆ ಹತ್ತಿರದ ಗಡ್ಡೆಗಳಿದ್ದ ಮನುಷ್ಯರಲ್ಲಿ ಇದೇ ಬಗೆಯ ಫಲಿತಾಂಶ ಪ್ರಕಟಿಸಿದರು. ಗಡ್ಡೆ ಪೂರ್ಣ ಕರಗಿದ್ದು ಶಾಖ ಸೇರಿಸಿದವರಲ್ಲಿ ಶೇ 66, ಸೇರಿಸದವರಲ್ಲಿ ಶೇ 42. ಹಿಂದೆ ಒಮ್ಮೆ ವಿಕಿರಣ ಪಡೆದಿದ್ದವರಲ್ಲಿ ವ್ಯತ್ಯಾಸ ಇನ್ನೂ ದೊಡ್ಡದು: ಶೇ 68ಕ್ಕೆ ಎದುರಾಗಿ ಶೇ 23. ಎರಡನೇ ಸಲ ಪೂರ್ಣ ಪ್ರಮಾಣದ ವಿಕಿರಣ ಕೊಡಲಾಗದ ಜಾಗದಲ್ಲಿ ಶಾಖ ಆ ಕೊರತೆಯನ್ನು ತುಂಬುತ್ತದೆ ಎಂಬುದು ಇದರ ತಾತ್ಪರ್ಯ. ಮರುಕಳಿಸಿದ ಗಡ್ಡೆಯೊಂದಿಗೆ ಬಂದಿರುವ ನಾಯಿಯ ಮನೆಯವರು ಈ ಅಂಶವನ್ನು ವೈದ್ಯರ ಬಳಿ ಮುಖ್ಯವಾಗಿ ಚರ್ಚಿಸಬೇಕು.

ಗಮನಿಸಿ, ಇವೆಲ್ಲ ಆ ಜಾಗದ ಗಡ್ಡೆಯ ಹಿಡಿತದ ಮಾತು. ಶ್ವಾಸಕೋಶಕ್ಕೆ ಹರಡುವುದನ್ನು ಶಾಖ ತಡೆಯುವುದಿಲ್ಲ. ಇಡೀ ಮೈಯನ್ನು ಬಿಸಿ ಮಾಡುವ ಪ್ರಯತ್ನವೂ ನಾಯಿಗಳಲ್ಲಿ ನಡೆದಿದೆ. ಗಡ್ಡೆಯಷ್ಟೇ ಬಿಸಿ ಮಾಡುವುದನ್ನು, ಅದರ ಜೊತೆ ಇಡೀ ಮೈಯನ್ನೂ ಬಿಸಿ ಮಾಡುವುದರೊಂದಿಗೆ ಹೋಲಿಸಿದ 1996ರ ಪ್ರಯೋಗದಲ್ಲಿ ಗಡ್ಡೆಯ ಹಿಡಿತವೇನೂ ಹೆಚ್ಚಲಿಲ್ಲ. ಆ ದಾರಿಯನ್ನು ಬಿಟ್ಟುಬಿಡಿ.

ಶಾಖದ ಲೆಕ್ಕ

ಇದನ್ನು ಅರ್ಥಮಾಡಿಕೊಂಡರೆ ಆಸ್ಪತ್ರೆಯ ಗುಣಮಟ್ಟವನ್ನು ನೀವೇ ಅಳೆಯಬಹುದು. ಬೇರೆ ಬೇರೆ ಉಷ್ಣತೆಯ ಶಾಖವನ್ನು ‘43 ಡಿಗ್ರಿಯಲ್ಲಿ ಇಷ್ಟು ನಿಮಿಷಕ್ಕೆ ಸಮ’ ಎಂದು ಪರಿವರ್ತಿಸುತ್ತಾರೆ. ವರದಿಯಲ್ಲಿ ಇದು ಸಿಇಎಂ 43 ಎಂದಿರುತ್ತದೆ. 43ರ ಕೆಳಗೆ ಒಂದೊಂದು ಡಿಗ್ರಿ ಇಳಿದಂತೆ ಪರಿಣಾಮ ನಾಲ್ಕರಲ್ಲೊಂದಾಗುತ್ತದೆ; ಮೇಲೆ ಒಂದೊಂದು ಡಿಗ್ರಿ ಏರಿದಂತೆ ಎರಡರಷ್ಟಾಗುತ್ತದೆ. ಒಂದು ಗಂಟೆಯ ಶಾಖಕ್ಕೆ:

43 ಡಿಗ್ರಿಯಲ್ಲಿ – 60 ನಿಮಿಷ
42 ಡಿಗ್ರಿಯಲ್ಲಿ – 15 ನಿಮಿಷ
41.5 ಡಿಗ್ರಿಯಲ್ಲಿ – 7.5 ನಿಮಿಷ
41 ಡಿಗ್ರಿಯಲ್ಲಿ – 3.75 ನಿಮಿಷ
40 ಡಿಗ್ರಿಯಲ್ಲಿ – ಒಂದು ನಿಮಿಷಕ್ಕೂ ಕಡಿಮೆ

ಲೆಕ್ಕಕ್ಕೆ ಹಿಡಿಯುವ ಉಷ್ಣತೆ ಸರಾಸರಿಯದಲ್ಲ, ಟಿ90. ಗಡ್ಡೆಯೊಳಗೆ ಅಳೆದ ಬಿಂದುಗಳಲ್ಲಿ ಶೇ 90ರಷ್ಟು ತಲುಪಿದ ಅಥವಾ ದಾಟಿದ ಉಷ್ಣತೆ ಅದು. ತಣ್ಣಗಿನ ಮೂಲೆಗಳನ್ನು ಅದು ಮರೆಮಾಚುವುದಿಲ್ಲ. ಥ್ರಾಲ್ ತಂಡದ 2005ರ ಪ್ರಯೋಗದಲ್ಲಿ ಚಿಕಿತ್ಸೆಯುದ್ದಕ್ಕೂ ಒಟ್ಟಾಗಿ ಕಡಿಮೆ ಶಾಖದ ಗುಂಪಿಗೆ 2ರಿಂದ 5, ಹೆಚ್ಚಿನದಕ್ಕೆ 20ರಿಂದ 50 ನಿಮಿಷ ಗುರಿಯಿಟ್ಟಿದ್ದರು. ಟಿ90 41.5 ಡಿಗ್ರಿ ತಲುಪಿದರೆ ಒಂದೊಂದು ಗಂಟೆಯ ಐದು ಸಲಕ್ಕೆ 37.5 ಆಗುತ್ತದೆ, ಗುರಿ ಮುಟ್ಟುತ್ತದೆ. ಅದೇ ಐದು ಸಲ 40 ಡಿಗ್ರಿಯಲ್ಲೇ ನಿಂತರೆ 5ನ್ನೂ ಮುಟ್ಟುವುದಿಲ್ಲ. ನಾಯಿ ಐದು ಸಲ ಅರಿವಳಿಕೆ ಪಡೆಯಿತು, ಖರ್ಚೂ ಅಷ್ಟೇ ಆಯಿತು, ಸಿಕ್ಕಿದ್ದು ಮಾತ್ರ ಹೆಚ್ಚುಕಡಿಮೆ ಏನೂ ಇಲ್ಲ.

ಮತ್ತೊಂದು ವಿಷಯ ಇದೇ ಲೆಕ್ಕದಲ್ಲಿ ಅಡಗಿದೆ. 43ರ ಕೆಳಗೆ ಅಳತೆಯಲ್ಲಿ ಅರ್ಧ ಡಿಗ್ರಿ ತಪ್ಪಾದರೆ ಪ್ರಮಾಣ ದುಪ್ಪಟ್ಟು ಅಥವಾ ಅರ್ಧ ಆಗಿಬಿಡುತ್ತದೆ. ಉಷ್ಣತಾಮಾಪಕದ ನಿಖರತೆಯನ್ನು ಪ್ರತಿ ಸಲ ಪರೀಕ್ಷಿಸುವುದು ಶಿಸ್ತಿನ ತೋರಿಕೆಯಲ್ಲ, ಚಿಕಿತ್ಸೆಯ ಭಾಗ.

ಯಂತ್ರಗಳಲ್ಲಿ ಯಾವುದು ಯಾವ ಗಡ್ಡೆಗೆ

ಮೈಕ್ರೋವೇವ್ ಯಂತ್ರಗಳು ಸಾಮಾನ್ಯವಾಗಿ 433 ಅಥವಾ 915 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತವೆ. ಚರ್ಮದಿಂದ ಸುಮಾರು 3 ಸೆಂ.ಮೀ. ಆಳದವರೆಗೆ ನಂಬಬಹುದು. ಚಪ್ಪಟೆ ಜಾಗದ, ಮೇಲ್ಮೈಯ ಗಡ್ಡೆಗೆ ಒಳ್ಳೆಯದು. ಅಲ್ಟ್ರಾಸೌಂಡ್ 1ರಿಂದ 3 ಮೆಗಾಹರ್ಟ್ಸ್‌ನದು. ಇನ್ನೂ ಆಳಕ್ಕೆ ಹೋಗುತ್ತದೆ, ಕಿರಣವನ್ನು ಬೇಕಾದ ಆಕಾರಕ್ಕೆ ತರಬಹುದು. ಆದರೆ ಮೂಳೆಯ ಮೇಲ್ಮೈ ಅದನ್ನು ಹೀರಿ ವಿಪರೀತ ಬಿಸಿಯಾಗುತ್ತದೆ, ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಮೂಳೆಗೆ ಅಂಟಿದ ಗಡ್ಡೆಗೂ ಹಿಂದೆ ಶ್ವಾಸಕೋಶವಿರುವ ಪಕ್ಕೆಯ ಗಡ್ಡೆಗೂ ಅದು ಒಗ್ಗದು. ಕಾಲನ್ನು ಸುತ್ತುವರಿಯುವ ಉಂಗುರದಂಥ ರೇಡಿಯೋ ತರಂಗದ ಸಾಧನಗಳು 140 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಕೆಲಸ ಮಾಡುತ್ತವೆ; ಕಾಲಿನ ದಪ್ಪ ಗಡ್ಡೆಗೆ ನಮ್ಮ ಮೊದಲ ಆಯ್ಕೆ ಇವು. ಎರಡು ತಟ್ಟೆಗಳ ನಡುವೆ ಅಂಗವನ್ನಿಟ್ಟು ಬಿಸಿ ಮಾಡುವ, 8ರಿಂದ 27 ಮೆಗಾಹರ್ಟ್ಸ್‌ನ ಸಾಧನಗಳು ಚಿಕ್ಕ ಕ್ಲಿನಿಕ್‌ಗಳಲ್ಲಿ ಹೆಚ್ಚು ಕಾಣಸಿಗುತ್ತವೆ. ಅವುಗಳಲ್ಲಿ ಚರ್ಮದ ಕೆಳಗಿನ ಕೊಬ್ಬು ಗಡ್ಡೆಗಿಂತ ಮೊದಲು ಬಿಸಿಯಾಗುತ್ತದೆ. ದಪ್ಪ ನಾಯಿಗೆ ಅಪಾಯ ಹೆಚ್ಚು. ಇಂಥ ಕಡೆ ಎಷ್ಟೋ ಸಲ ‘ಒಳಗೆ ಅಳೆಯುವ ಅಗತ್ಯವಿಲ್ಲ, ಯಂತ್ರವೇ ನೋಡಿಕೊಳ್ಳುತ್ತದೆ’ ಎನ್ನುತ್ತಾರೆ. ನಾವು ಅದನ್ನು ಒಪ್ಪುವುದಿಲ್ಲ. ಯಂತ್ರಕ್ಕೆ ಗೊತ್ತಿರುವುದು ತಾನು ಕೊಟ್ಟ ಶಕ್ತಿ ಮಾತ್ರ. ಎಷ್ಟನ್ನು ರಕ್ತ ಹೊತ್ತೊಯ್ದಿತು ಎಂಬುದು ಗಡ್ಡೆಯೊಳಗೆ ಅಳೆದರಷ್ಟೇ ತಿಳಿಯುತ್ತದೆ.

ಗಡ್ಡೆಯೊಳಗೆ ಸೂಜಿಯ ಮೂಲಕ ತೆಳ್ಳನೆಯ ಪ್ಲಾಸ್ಟಿಕ್ ನಳಿಕೆ ತೂರಿಸಿ, ಅದರಲ್ಲಿ ಫೈಬರ್ ಆಪ್ಟಿಕ್ ಉಷ್ಣತಾಮಾಪಕವನ್ನು ಸ್ವಲ್ಪ ಸ್ವಲ್ಪವೇ ಹಿಂದಕ್ಕೆಳೆಯುತ್ತ ಬಿಂದುವಿನಿಂದ ಬಿಂದುವಿಗೆ ಅಳೆಯುವುದು ಸರಿಯಾದ ಕ್ರಮ. ಲೋಹದ ತಂತಿಯ ಮಾಪಕ ವಿದ್ಯುತ್ಕಾಂತ ಕ್ಷೇತ್ರದಲ್ಲಿ ತಾನೇ ಬಿಸಿಯಾಗಿ ಸುಳ್ಳು ಅಂಕಿ ತೋರಿಸುತ್ತದೆ.

ಚಿಕಿತ್ಸೆಯ ದಿನ

ಖಾಲಿ ಹೊಟ್ಟೆಯಲ್ಲಿ ಕರೆತಂದ ನಾಯಿಗೆ ಪೂರ್ಣ ಅರಿವಳಿಕೆ. ಗಡ್ಡೆಯ ಸುತ್ತ ಅಗಲವಾಗಿ ಕೂದಲು ಬೋಳಿಸುತ್ತಾರೆ, ಏಕೆಂದರೆ ಕೂದಲಿನೊಳಗೆ ಸಿಕ್ಕಿಬಿದ್ದ ಗಾಳಿ ಶಾಖವನ್ನು ಅಡ್ಡಾದಿಡ್ಡಿ ಮಾಡುತ್ತದೆ. ಮಾಪಕ ಕೂರಿಸಿ, ಯಂತ್ರಕ್ಕೂ ಚರ್ಮಕ್ಕೂ ನಡುವೆ ನೀರು ಹರಿಯುವ ಮೆತ್ತನೆಯ ಚೀಲ ಇಡುತ್ತಾರೆ. ಚೀಲದ ನೀರಿನ ಉಷ್ಣತೆಯನ್ನು ಏರಿಳಿಸಿ ಚರ್ಮವನ್ನು ಕಾಪಾಡಬಹುದು. ಚೀಲದೊಳಗೆ ಗಾಳಿಗುಳ್ಳೆ ಉಳಿಯಬಾರದು. ಶಕ್ತಿಯನ್ನು ಮೆಲ್ಲಗೆ ಏರಿಸಿ, ಗುರಿ ಮುಟ್ಟಿದ ಮೇಲೆ ಒಂದು ಗಂಟೆ ಹಿಡಿದಿಡುವುದು. ಸಿದ್ಧತೆ, ಎಚ್ಚರಿಕೆ ಸೇರಿ ಎರಡು ಗಂಟೆಗೂ ಮೀರಿದ ಅರಿವಳಿಕೆ ಆಗುತ್ತದೆ. ವಿಕಿರಣವೊಂದೇ ಆದರೆ ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಹೃದ್ರೋಗವಿರುವ ನಾಯಿಗೂ, ಪಗ್, ಬುಲ್‌ಡಾಗ್‌ನಂಥ ಮೂತಿ ಚಪ್ಪಟೆಯಾದ ತಳಿಗಳಿಗೂ ಈ ವ್ಯತ್ಯಾಸ ಚಿಕ್ಕದಲ್ಲ.

ಮನುಷ್ಯನಾದರೆ ಬಿಸಿ ಹೆಚ್ಚಾದ ಕ್ಷಣ ‘ಅಯ್ಯೋ’ ಎನ್ನುತ್ತಾನೆ. ಅರಿವಳಿಕೆಯಲ್ಲಿರುವ ನಾಯಿ ಹೇಳಲಾರದು. ಹಾಗಾಗಿ ಸುತ್ತಲಿನ ಆರೋಗ್ಯವಂತ ಚರ್ಮದ ಮೇಲೂ ಮಾಪಕ ಬೇಕು. ಹಳೆಯ ಹೊಲಿಗೆಯ ಗುರುತು, ರಕ್ತಸಂಚಾರ ಕಡಿಮೆ ಇರುವ ಜಾಗ, ಎಲುಬು ಚರ್ಮಕ್ಕೆ ತಾಗಿರುವ ಕಡೆ ಮೊದಲು ಸುಡುತ್ತವೆ. ಬೊಕ್ಕೆ ಎದ್ದರೆ ಹೆಚ್ಚಿನವು ಮಾಗುತ್ತವೆ. ಕೊಬ್ಬು ಸುಟ್ಟು ಗಟ್ಟಿಯಾದರೆ ಆ ಗಂಟನ್ನು ಆಮೇಲೆ ಗಡ್ಡೆ ಮರಳಿತೆಂದು ತಪ್ಪು ತಿಳಿಯುವ ಸಂಭವವೂ ಇದೆ.

ನಾಯಿ ಮನುಷ್ಯರಂತೆ ಬೆವರುವುದಿಲ್ಲ, ತೇಕುತ್ತ ತಂಪು ಮಾಡಿಕೊಳ್ಳುತ್ತದೆ. ಅರಿವಳಿಕೆಯಲ್ಲಿ ಅದೂ ಇಲ್ಲ. ಸಹಜವಾಗಿ 38ರಿಂದ 39.2 ಡಿಗ್ರಿ ಇರುವ ಮೈಯುಷ್ಣತೆ, ದೊಡ್ಡ ಜಾಗವನ್ನು ಬಿಸಿ ಮಾಡುವಾಗ ಮೇಲೇರುತ್ತದೆ, ಅದರಲ್ಲೂ ಚಿಕ್ಕ ನಾಯಿಗಳಲ್ಲಿ. ಅನ್ನನಾಳ ಅಥವಾ ಗುದದ್ವಾರದ ಮಾಪಕ 40 ಮುಟ್ಟುವ ಹೊತ್ತಿಗೆ ಶಕ್ತಿ ತಗ್ಗಿಸಿ, ಫ್ಯಾನು, ಒದ್ದೆ ಬಟ್ಟೆಯಿಂದ ತಂಪು ಮಾಡುವ ವ್ಯವಸ್ಥೆ ಪಕ್ಕದಲ್ಲೇ ಇರಬೇಕು.

ಮೊದಲ ಸಲ ಬಿಸಿ ಮಾಡಿ ನೋಡಿದಾಗಲೇ ಕೆಲವು ಗಡ್ಡೆಗಳು ಬಿಸಿಯೇ ಆಗುವುದಿಲ್ಲ ಎಂದು ತಿಳಿಯುತ್ತದೆ. ರಕ್ತ ಜೋರಾಗಿ ಹರಿಯುತ್ತ ಶಾಖವನ್ನೆಲ್ಲ ಹೊತ್ತೊಯ್ಯುತ್ತದೆ. ಆಗ ನಿಲ್ಲಿಸಿ, ವಿಕಿರಣವನ್ನಷ್ಟೇ ಮುಂದುವರಿಸುವ ವೈದ್ಯರನ್ನು ನಂಬಿ. ಮೂಳೆ ಮುರಿದಾಗ ಹಾಕಿದ ಲೋಹದ ಪಟ್ಟಿ ಗಡ್ಡೆಯ ಹತ್ತಿರವಿದ್ದರೆ, ಪೇಸ್‌ಮೇಕರ್ ಇದ್ದರೆ ಮೈಕ್ರೋವೇವ್, ರೇಡಿಯೋ ತರಂಗದ ಶಾಖ ಬೇಡ.

ಯಾವ ವಿಕಿರಣಕ್ಕೆ ಜೊತೆ

ಗುಣಪಡಿಸುವ ಉದ್ದೇಶದ ಚಿಕ್ಕ ಕಂತುಗಳ ವಿಕಿರಣದ ಜೊತೆ ಶಾಖ ಸೇರಿಸುವುದಕ್ಕೆ ಆಧಾರ ಗಟ್ಟಿಯಾಗಿದೆ. ವಾರಕ್ಕೊಂದರಂತೆ 8 ಗ್ರೇಯ 4 ಕಂತು ಕೊಡುವ ನೋವು ಶಮನದ ಕ್ರಮದಲ್ಲಿ ಉದ್ದೇಶವೇ ಬೇರೆ: ಕೆಲವು ತಿಂಗಳು ಗಡ್ಡೆಯನ್ನು ಕುಗ್ಗಿಸಿ ನಾಯಿಗೆ ಹಾಯೆನಿಸುವುದು. 13, 14 ವರ್ಷದ ನಾಯಿಗೆ ಅದೇ ಸೂಕ್ತ. ಅದರ ಮೇಲೆ ಎರಡೆರಡು ಗಂಟೆಯ ಅರಿವಳಿಕೆ ಹೇರುವುದು ಸರಿಯಲ್ಲ. ನಿಖರವಾಗಿ ಗುರಿಯಿಟ್ಟು ಮೂರರಿಂದ ಐದು ದೊಡ್ಡ ಕಂತಿನಲ್ಲಿ ಮುಗಿಸುವ ಸ್ಟೀರಿಯೋಟ್ಯಾಕ್ಟಿಕ್ ವಿಕಿರಣ, ಅರಿವಳಿಕೆ ಕಡಿಮೆ ಇರಬೇಕೆನ್ನುವವರಿಗೆ ಒಳ್ಳೆಯ ಪರ್ಯಾಯ. ದೊಡ್ಡ ಕಂತುಗಳಲ್ಲಿ ತಿಂಗಳು, ವರ್ಷಗಳ ನಂತರ ಕಾಣಿಸುವ ಹಾನಿಯ ಭಯ ಹೆಚ್ಚು ಎಂಬುದು ನೆನಪಿರಲಿ.

ಆಸ್ಪತ್ರೆಯವರನ್ನು ಕೇಳಬೇಕಾದದ್ದು ಇಷ್ಟು. ಗಡ್ಡೆಯೊಳಗೆ ಎಷ್ಟು ಬಿಂದುಗಳಲ್ಲಿ ಅಳೆಯುತ್ತೀರಿ? ಪ್ರತಿ ಸಲದ ಟಿ90, ಒಟ್ಟು ಸಿಇಎಂ 43 ಬರೆದು ಕೊಡುತ್ತೀರಾ? ವಿಕಿರಣಕ್ಕೂ ಶಾಖಕ್ಕೂ ಎಷ್ಟು ಹೊತ್ತಿನ ಅಂತರ? ಗಡ್ಡೆ ಬಿಸಿಯಾಗದಿದ್ದರೆ ಏನು ಮಾಡುತ್ತೀರಿ? ಶಾಖ ಕೊಡುತ್ತೇವೆಂದು ವಿಕಿರಣದ ಪ್ರಮಾಣ ಕಡಿಮೆ ಮಾಡುತ್ತೀರಾ? ಕೊನೆಯ ಪ್ರಶ್ನೆಗೆ ‘ಹೌದು’ ಎಂದರೆ, ಅದು ಮರುವಿಕಿರಣದ ಸಂದರ್ಭವಲ್ಲದಿದ್ದರೆ, ಬೇರೆ ಅಭಿಪ್ರಾಯ ಪಡೆಯಿರಿ.

ಕರ್ನಾಟಕದಲ್ಲಿರುವವರಿಗೆ

ಪ್ರಾಣಿಗಳಿಗೆಂದೇ ಇರುವ ವಿಕಿರಣ ಯಂತ್ರ ನಮ್ಮ ದೇಶದಲ್ಲಿ ವಿರಳ. ಅದಕ್ಕೆ ಅಳತೆಯುಳ್ಳ ಶಾಖ ಸೇರಿಸುವುದು ಇನ್ನೂ ದೂರದ ಮಾತು. ಅಮೆರಿಕ, ಯೂರೋಪಿನಲ್ಲಿರುವ ಕನ್ನಡಿಗರು ಪಶುವೈದ್ಯ ವಿಶ್ವವಿದ್ಯಾಲಯಗಳ ವಿಕಿರಣ ವಿಭಾಗದಲ್ಲಿ ವಿಚಾರಿಸಬಹುದು. ಅಲ್ಲಿಯೂ ಕೆಲವೇ ಕಡೆ ಈ ಸೌಲಭ್ಯ ಇರುತ್ತದೆ. ಇಲ್ಲಿರುವವರು ಮೊದಲ ಶಸ್ತ್ರಚಿಕಿತ್ಸೆಯನ್ನೇ ಸರಿಯಾಗಿ ಮಾಡಿಸುವುದಕ್ಕೆ ಎಲ್ಲ ಶ್ರಮ ಹಾಕಬೇಕು. ಊರಿನ ಕ್ಲಿನಿಕ್‌ನಲ್ಲಿ ಅವಸರದಿಂದ ಗಂಟು ತೆಗೆಸುವ ಬದಲು ಬಯಾಪ್ಸಿ ಮಾಡಿಸಿ, ವರದಿ ಹಿಡಿದು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಂಥ ಕಡೆ ಶಸ್ತ್ರವೈದ್ಯರನ್ನು ಕಾಣುವುದು ಒಳ್ಳೆಯದು. ಸಾರ್ಕೋಮಾ ನಿಧಾನದ ರೋಗ. ಎರಡು ವಾರ ಯೋಚಿಸಿದರೆ ನಷ್ಟವಿಲ್ಲ, ತಪ್ಪು ಕೊಯ್ತದಿಂದ ಬಹಳ ನಷ್ಟ.

ಅಂಚಿನಲ್ಲಿ ಕೋಶ ಉಳಿದು, ವಿಕಿರಣವೂ ಸಿಗದಿದ್ದರೆ ಗಾಯದ ಗುರುತನ್ನೇ ಅಗಲವಾಗಿ ಮತ್ತೆ ತೆಗೆಸುವುದು ಮೊದಲ ಪರ್ಯಾಯ. ಕ್ಯಾನ್ಸರ್ ಔಷಧ ಸೈಕ್ಲೋಫಾಸ್ಫಮೈಡ್ ಅನ್ನು ಸಣ್ಣ ಪ್ರಮಾಣದಲ್ಲಿ ನಿತ್ಯವೂ, ಜೊತೆಗೆ ಉರಿಯೂತ ತಗ್ಗಿಸುವ ಪೈರಾಕ್ಸಿಕಾಂ ಕೊಡುವ ಕ್ರಮ ಮರುಕಳಿಕೆಯನ್ನು ಮುಂದೂಡಬಲ್ಲದು. ಮೂತ್ರಕೋಶದಲ್ಲಿ ರಕ್ತಸ್ರಾವ, ಹೊಟ್ಟೆಹುಣ್ಣು ಇದರ ಅಪಾಯಗಳು. ಮೂತ್ರ ಕೆಂಪಾದರೆ ಔಷಧ ನಿಲ್ಲಿಸಿ ಅದೇ ದಿನ ವೈದ್ಯರ ಬಳಿ ಹೋಗಬೇಕು. ಬ್ಲಿಯೋಮೈಸಿನ್ ಎಂಬ ಕ್ಯಾನ್ಸರ್ ಔಷಧ ಚುಚ್ಚಿ ಕೆಲವು ನಿಮಿಷಗಳ ಬಳಿಕ ಗಡ್ಡೆಯ ಜಾಗಕ್ಕೆ ಕ್ಷಣಮಾತ್ರದ ವಿದ್ಯುತ್ ಮಿಡಿತ ಕೊಡುವ ಎಲೆಕ್ಟ್ರೋಕೀಮೋಥೆರಪಿಗೆ ಒಂದೆರಡು ಚಿಕ್ಕ ಅರಿವಳಿಕೆ ಸಾಕು, ಯಂತ್ರವೂ ಚಿಕ್ಕದು. ವಿಕಿರಣ ಇಲ್ಲದ ಊರಿಗೆ ಮುಂದೆ ಇದೇ ಹೆಚ್ಚು ಕೈಗೆಟುಕೀತು.

ಮನೆಯಲ್ಲಿ ಆರೈಕೆ

ವಿಕಿರಣದ ಮೂರನೇ ವಾರದಿಂದ ಚರ್ಮ ಕೆಂಪಾಗಿ, ಕೂದಲು ಉದುರಿ, ಒದ್ದೆ ಹುಣ್ಣಾಗುತ್ತದೆ. ಚಿಕಿತ್ಸೆ ಮುಗಿದ ಒಂದೆರಡು ವಾರ ಇದು ಇನ್ನೂ ಹೆಚ್ಚಾಗಿ, ಆಮೇಲೆ ಮಾಗುತ್ತದೆ. ಈ ಹಂತದಲ್ಲಿ ಕೆಡಿಸುವುದು ನಾಯಿಯ ನಾಲಿಗೆ. ಕೊರಳಿಗೆ ಕೋನ್ ಹಗಲೂ ರಾತ್ರಿ ಇರಲಿ, ‘ಪಾಪ’ ಎಂದು ಬಿಚ್ಚಬೇಡಿ. ಅಂಟುಪಟ್ಟಿ, ಅರಿಶಿನ, ಬೇವಿನೆಣ್ಣೆ ಬೇಡ. ನೋವಿಗೆ ಮನೆಯಲ್ಲಿರುವ ಐಬುಪ್ರೊಫೆನ್, ಪ್ಯಾರಾಸಿಟಮಾಲ್ ಕೊಡಬೇಡಿ. ನಾಯಿಗೆಂದೇ ವೈದ್ಯರು ಬರೆದದ್ದನ್ನಷ್ಟೇ ಕೊಡಿ. ಕಾಲಿನ ಕೆಳಭಾಗ ಊದಿಕೊಂಡರೆ ತಿಳಿಸಿ. ಕಾಲಿನ ಸುತ್ತಳತೆಯುದ್ದಕ್ಕೂ ವಿಕಿರಣ ಬಿದ್ದರೆ ದ್ರವ ಹರಿಯಲು ದಾರಿಯಿಲ್ಲದೆ ಊತ ನಿಂತುಬಿಡುತ್ತದೆ. ಒಂದು ಪಟ್ಟಿಯಷ್ಟು ಚರ್ಮವನ್ನು ವಿಕಿರಣದಿಂದ ಹೊರಗಿಟ್ಟಿದ್ದಾರೆಯೇ ಎಂದು ಯೋಜನೆಯ ಹಂತದಲ್ಲೇ ಕೇಳಿರಬೇಕು.

ಗಡ್ಡೆ ಕರಗುವುದು ನಿಧಾನ. ಚಿಕಿತ್ಸೆ ಮುಗಿದ ದಿನ ಗಡ್ಡೆ ಅಷ್ಟೇ ಇದ್ದರೆ ಸೋತಂತಲ್ಲ; ಸಾರ್ಕೋಮಾ ತಿಂಗಳುಗಳ ಕಾಲ ಕುಗ್ಗುತ್ತ ಹೋಗಬಹುದು, ಕೆಲವು ಗಟ್ಟಿ ಗುರುತಾಗಿ ಉಳಿದು ಬೆಳೆಯದೆ ಇದ್ದುಬಿಡುತ್ತವೆ. ಮೊದಲ ಎರಡು ವರ್ಷ ಮೂರು ತಿಂಗಳಿಗೊಮ್ಮೆ ಆ ಜಾಗವನ್ನು ಅಳತೆಪಟ್ಟಿಯಿಂದ ಅಳೆಸಿ, ದರ್ಜೆಗೆ ತಕ್ಕಂತೆ ಎದೆಯ ಎಕ್ಸ್‌ರೇ ಮಾಡಿಸಿ. ಹೊಸ ಗಂಟು ಕಂಡರೆ ಮೊದಲು ಸೂಜಿ ಪರೀಕ್ಷೆ, ಕತ್ತರಿ ಆಮೇಲೆ. ವಿಕಿರಣ ಬಿದ್ದ ಚರ್ಮದ ಗಾಯ ಬೇಗ ಮಾಗುವುದಿಲ್ಲ. ವಿಕಿರಣದ ಯೋಜನೆಯ ಪ್ರತಿ ಮತ್ತು ಪ್ರತಿ ಸಲದ ಶಾಖದ ದಾಖಲೆಯನ್ನು ನಿಮ್ಮ ಬಳಿಯೇ ಇಟ್ಟುಕೊಳ್ಳಿ. ಮುಂದೆ ಎಂದಾದರೂ ಅದೇ ಜಾಗಕ್ಕೆ ಮತ್ತೆ ಚಿಕಿತ್ಸೆ ಕೊಡಬೇಕಾದರೆ, ಇನ್ನೆಷ್ಟು ವಿಕಿರಣ ತಡೆದೀತು ಎಂಬುದನ್ನು ವೈದ್ಯರು ಆ ಹಾಳೆಗಳನ್ನು ನೋಡಿಯೇ ನಿರ್ಧರಿಸಬೇಕಾಗುತ್ತದೆ.